ಪ್ರೀ-ಬುಕಿಂಗ್ ಮಾಡಬೇಕಾ, ಕಾಯಬೇಕಾ? ಅಡ್ವಾನ್ಸ್ ಕೊಡುವ ಮೊದಲು ನೋಡಿಕೊಳ್ಳಬೇಕಾದ್ದು

ಹೊಸ ಫೋನ್ ಇರಲಿ, ಎಲೆಕ್ಟ್ರಿಕ್ ಸ್ಕೂಟರ್ ಇರಲಿ, ಕಾರು ಇರಲಿ, ಈಗ ಯಾವುದೂ ಸೀದಾ ಅಂಗಡಿಗೆ ಬರುವುದಿಲ್ಲ. ಮೊದಲು ಟೀಸರ್, ಆಮೇಲೆ ದೊಡ್ಡ ಕಾರ್ಯಕ್ರಮ, ಅದು ಮುಗಿಯುವ ಹೊತ್ತಿಗೆ ‘ಈಗಲೇ ಬುಕ್ ಮಾಡಿ’ ಅನ್ನುವ ಬಟನ್. ವಸ್ತುವನ್ನು ನಾವು ಯಾರೂ ಮುಟ್ಟಿ ನೋಡಿರುವುದಿಲ್ಲ, ಆದರೆ ನಮ್ಮ ದುಡ್ಡು ಆಗಲೇ ಹೋಗಿರುತ್ತದೆ. ಹೀಗೆ ಬುಕ್ ಮಾಡಿದರೆ ಲಾಭ ಇದೆಯಾ ಅಂತ ಕೇಳಿದರೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಸಲ ಇಲ್ಲ, ಕೆಲವು ಸಲ ಖಂಡಿತ ಇದೆ. ಯಾವುದು ಯಾವಾಗ ಅಂತ ಗುರುತಿಸುವುದು ಕಷ್ಟವೇನಲ್ಲ. ಬಟನ್ ಒತ್ತುವ ಮೊದಲು ಒಂದು ಸಂಜೆ ಕೂತು ನಾಲ್ಕು ವಿಷಯ ನೋಡಿಕೊಂಡರೆ ಸಾಕು.

ಅದು ನಿಜವಾಗಿ ಕೈಸಾಲ

ವಸ್ತು ಕೈಗೆ ಬರುವ ಮೊದಲು ಕೊಡುವ ದುಡ್ಡು ಅಂದರೆ ಕಂಪನಿಗೆ ನಾವು ಕೊಡುವ ಕೈಸಾಲ. ಕೈಸಾಲ ಕೊಡುವಾಗ ನಾವು ಏನು ನೋಡುತ್ತೇವೆ? ಆಸಾಮಿ ವಾಪಸ್ ಕೊಡುವವನಾ, ಯಾವಾಗ ಕೊಡುತ್ತಾನೆ, ಕೊಟ್ಟಿದ್ದಕ್ಕೆ ನನಗೇನು ಸಿಗುತ್ತದೆ. ಇಲ್ಲೂ ಅಷ್ಟೇ ಲೆಕ್ಕ.

ಹಿಂದೆ ಇದನ್ನು ಸಾಲದ ಹಾಗೆಯೇ ನಡೆಸಿಕೊಂಡ ಉದಾಹರಣೆ ಇದೆ. 2009ರ ಏಪ್ರಿಲ್‌ನಲ್ಲಿ ಟಾಟಾ ನ್ಯಾನೋ ಬುಕಿಂಗ್ ನಡೆದಾಗ 2 ಲಕ್ಷಕ್ಕಿಂತ ಜಾಸ್ತಿ ಜನ ದುಡ್ಡು ಕಟ್ಟಿದರು. ಬರೀ ಟೋಕನ್ ಅಲ್ಲ, ಎಲ್ಲಕ್ಕಿಂತ ಕಮ್ಮಿ ದರದ ಮಾದರಿಗೇ 95,000 ರೂಪಾಯಿ. ಅಷ್ಟು ಕಾರು ಕೂಡಲೇ ಮಾಡಿಕೊಡುವುದು ಸಾಧ್ಯವಿರಲಿಲ್ಲ, ಹಾಗಾಗಿ ಕಂಪ್ಯೂಟರ್ ಲಾಟರಿ ಎತ್ತಿ 1 ಲಕ್ಷ ಜನರನ್ನು ಆರಿಸಿದರು, ಅವರಿಗೆ ಲಾಂಚ್ ದರವನ್ನೇ ಉಳಿಸಿಕೊಟ್ಟರು. ಉಳಿದವರಲ್ಲಿ ‘ದುಡ್ಡು ವಾಪಸ್ ಬೇಡ, ಕಾಯುತ್ತೇವೆ’ ಅಂದವರಿಗೆ ಬಡ್ಡಿ ಕೊಡುವುದಾಗಿ ಹೇಳಿದರು. ಆ ಕಾರಿನ ಕತೆ ಮುಂದೆ ಏನಾಯಿತು ಅನ್ನುವುದು ಬೇರೆ ಮಾತು, ಆದರೆ ಈ ವ್ಯವಹಾರ ನ್ಯಾಯವಾದದ್ದು. ಈಗಿನ ಬುಕಿಂಗುಗಳಲ್ಲಿ ಬಡ್ಡಿಯ ಮಾತೇ ಕೇಳುವುದಿಲ್ಲ. ಆದ್ದರಿಂದ ಬಡ್ಡಿಯ ಜಾಗದಲ್ಲಿ ಬೇರೆ ಏನು ಸಿಗುತ್ತಿದೆ ಅಂತ ನಾವೇ ಹುಡುಕಬೇಕು: ಕಮ್ಮಿ ದರವಾ, ಜಾಸ್ತಿ ಸ್ಟೋರೇಜಾ, ಸರದಿಯಲ್ಲಿ ಮುಂದಿನ ಜಾಗವಾ? ಯಾವುದೂ ಇಲ್ಲ ಅಂದರೆ ಸುಮ್ನೆ ಯಾಕೆ ಕೊಡಬೇಕು?

ಇನ್ನೊಂದು ವಿಷಯ. ‘ಬುಕಿಂಗ್’ ಅಂತ ಒಂದೇ ಹೆಸರಿದ್ದರೂ ಎಲ್ಲ ಬುಕಿಂಗೂ ಒಂದೇ ಅಲ್ಲ. ಕೆಲವು ಕಡೆ ಹೆಸರು, ನಂಬರ್ ಕೊಟ್ಟರೆ ಮುಗಿಯಿತು. ಕೆಲವು ಕಡೆ ವಾಪಸ್ ಬರುವ ಸಣ್ಣ ಟೋಕನ್. 2017ರ ಆಗಸ್ಟ್‌ನಲ್ಲಿ ಜಿಯೋಫೋನ್ ಬಂದಾಗ ಬುಕಿಂಗಿಗೆ 500 ರೂಪಾಯಿ, ಫೋನ್ ಕೈಗೆ ಬಂದಾಗ ಉಳಿದ 1,000 ರೂಪಾಯಿ ಅಂತ ಇತ್ತು. ಇನ್ನು ಕೆಲವು ಕಡೆ ಪೂರ್ತಿ ದುಡ್ಡನ್ನೇ ಮೊದಲು ಕಟ್ಟಿಸಿಕೊಳ್ಳುತ್ತಾರೆ. ಟೋಕನ್ ಕೊಟ್ಟವರಿಗೆ ಮನಸ್ಸು ಬದಲಿಸುವ ಅವಕಾಶ ಇರುತ್ತದೆ, ಪೂರ್ತಿ ಕಟ್ಟಿದವರಿಗೆ ಆ ಧೈರ್ಯ ಬರುವುದೇ ಇಲ್ಲ. ನಿಮ್ಮದು ಯಾವ ಥರದ್ದು ಅಂತ ಮೊದಲು ನೋಡಿ. ‘ರಿಫಂಡ್ ಸಿಗುತ್ತದೆ’ ಅಂತ ಜಾಹೀರಾತಿನಲ್ಲಿ ಇದ್ದರೆ ಸಾಲದು, ಷರತ್ತುಗಳ ಪುಟದಲ್ಲಿ ಎಷ್ಟು ದಿನದೊಳಗೆ, ಎಷ್ಟು ಕಳೆದು, ಯಾವ ಹಂತದವರೆಗೆ ಅಂತ ಬರೆದಿರಬೇಕು. ಬರೆದಿಲ್ಲ ಅಂದರೆ ಆ ದುಡ್ಡು ವಾಪಸ್ ಬರುವುದಿಲ್ಲ ಅಂದುಕೊಂಡೇ ಲೆಕ್ಕ ಹಾಕಿ.

ನಿಜವಾಗಿಯೂ ಖಾಲಿ ಆಗುತ್ತಾ?

ನಮ್ಮ ಮನೆಗಳಲ್ಲಿ ‘ಮೊದಲೇ ಹೆಸರು ಬರೆಸಿಬಿಡು’ ಅನ್ನುವ ಅಭ್ಯಾಸ ಸುಮ್ನೆ ಬಂದದ್ದಲ್ಲ. ಕಾರ್ಖಾನೆ ಎಷ್ಟು ವಸ್ತು ಮಾಡಬೇಕು ಅಂತ ಸರ್ಕಾರವೇ ಹೇಳುತ್ತಿದ್ದ ಲೈಸೆನ್ಸ್ ಕಾಲದಲ್ಲಿ ಚೇತಕ್ ಸ್ಕೂಟರಿಗೆ ವರ್ಷಗಟ್ಟಲೆ ಕಾಯಬೇಕಿತ್ತು, ಟೆಲಿಫೋನ್ ಕನೆಕ್ಷನ್ನಿಗೆ, ಗ್ಯಾಸ್ ಸಿಲಿಂಡರಿಗೆ ಸರದಿ ಇತ್ತು. 1983ರಲ್ಲಿ ಮಾರುತಿ 800 ಬಂದಾಗಲೂ ಜನ 10,000 ರೂಪಾಯಿ ಕಟ್ಟಿ ವರ್ಷಗಟ್ಟಲೆ ಕಾದರು. ಆಗ ಬುಕ್ ಮಾಡದವರಿಗೆ ನಿಜವಾಗಿಯೂ ಸಿಗುತ್ತಿರಲಿಲ್ಲ. ಅಪ್ಪ, ಅಜ್ಜ ಹೇಳಿದ್ದು ಆ ಕಾಲಕ್ಕೆ ಸರಿ.

ಈಗ ಪರಿಸ್ಥಿತಿ ಉಲ್ಟಾ. ಹೆಚ್ಚಿನ ವಸ್ತುಗಳು ಬಿಡುಗಡೆಯಾದ ಎರಡು ಮೂರು ವಾರಕ್ಕೆ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಆದರೆ ಖಾಲಿ ಆಗಿಬಿಡುತ್ತದೆ ಅನ್ನುವ ಆ ಹಳೆಯ ಭಯವನ್ನು ಮಾರಾಟಗಾರರು ಇನ್ನೂ ಚೆನ್ನಾಗಿ ಬಳಸಿಕೊಳ್ಳುತ್ತಾರೆ. ‘ಇನ್ನು ಎರಡೇ ಉಳಿದಿದೆ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಅಂತ ಓಡುವ ಗಡಿಯಾರ ನೋಡಿರುತ್ತೀರಿ ಅಲ್ವಾ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದ್ದಾರೆ. ಸುಳ್ಳು ತುರ್ತು ಹುಟ್ಟಿಸುವುದು, ಕೇಳದೇ ಬುಟ್ಟಿಗೆ ಬೇರೆ ವಸ್ತು ಸೇರಿಸುವುದು, ಕೊನೆಯ ಪುಟದಲ್ಲಿ ಹೊಸ ಶುಲ್ಕ ತೋರಿಸುವುದು, ಎಲ್ಲವೂ ಅದರಲ್ಲಿವೆ. ಅಂದರೆ ಗಡಿಯಾರ ಸುಳ್ಳಾದರೆ ಅದು ಬರೀ ಕಿರಿಕಿರಿ ಅಲ್ಲ, ದೂರು ಕೊಡಬಹುದಾದ ತಪ್ಪು.

ಹಾಗಂತ ಎಲ್ಲ ಕೊರತೆಯೂ ಸುಳ್ಳಲ್ಲ. ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ 2021ರ ಜನವರಿ 12ರಂದು ಪ್ರೀ-ಆರ್ಡರ್ ತೆರೆದರು, ನಿಮಿಷಗಳಲ್ಲಿ ಖಾಲಿ. ಚಿಪ್ ಕೊರತೆಯ ಕಾಲ ಅದು, ಜಗತ್ತಿನಲ್ಲೆಲ್ಲ ಅದೇ ಕತೆ. ಸಿಗದವರು ತಿಂಗಳುಗಟ್ಟಲೆ ಕಾದರು, ಇಲ್ಲವೇ ಬ್ಲ್ಯಾಕಿನಲ್ಲಿ ಜಾಸ್ತಿ ಕೊಟ್ಟು ತಗೊಂಡರು. 49,990 ರೂಪಾಯಿ ಇದ್ದ ದರ ಮುಂದೆ 2022ರಲ್ಲಿ 54,990 ಆಯಿತು. ಅಂಥಲ್ಲಿ ಪ್ರೀ-ಆರ್ಡರ್ ಸಿಕ್ಕವರೇ ಗೆದ್ದರು.

ವ್ಯತ್ಯಾಸ ಗುರುತಿಸುವುದು ಹೇಗೆ? ಬೇರೆ ದೇಶದಲ್ಲಿ ಮೊದಲೇ ಬಿಡುಗಡೆಯಾಗಿದ್ದರೆ ಅಲ್ಲಿ ಏನಾಗಿದೆ ನೋಡಿ. ಅದೇ ಕಂಪನಿಯ ಹೋದ ವರ್ಷದ ವಸ್ತು ಬಿಡುಗಡೆಯಾದ ತಿಂಗಳಿಗೆ ಸಿಗುತ್ತಿತ್ತಾ ನೋಡಿ. ಹೋದ ಸಲ ತಿಂಗಳೊಳಗೆ ಎಲ್ಲ ಕಡೆ ಸಿಕ್ಕಿದ್ದರೆ ಈ ಸಲವೂ ಸಿಗುತ್ತದೆ. ಡೌನ್‌ಲೋಡ್ ಮಾಡಿಕೊಳ್ಳುವ ವಸ್ತು ಆಗಿದ್ದರೆ ಯೋಚನೆಯೇ ಬೇಡ, ಸಾಫ್ಟ್‌ವೇರ್ ಯಾವತ್ತೂ ಖಾಲಿ ಆಗುವುದಿಲ್ಲ.

ಗೇಮ್ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕು. ಸೈಬರ್‌ಪಂಕ್ 2077 ಅನ್ನು ಬಿಡುಗಡೆಗೆ ಮೊದಲೇ 80 ಲಕ್ಷ ಪ್ರತಿ ಬುಕ್ ಮಾಡಿದ್ದರು. 2020ರ ಡಿಸೆಂಬರ್ 10ರಂದು ಬಂತು, ಹಳೆಯ ಕನ್ಸೋಲುಗಳಲ್ಲಿ ಆಡಲು ಆಗದಷ್ಟು ಕೆಟ್ಟಿತ್ತು, ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ತೆಗೆದು ಹಾಕಿ ರಿಫಂಡ್ ಕೊಡಲು ಶುರು ಮಾಡಿತು. ಆಮೇಲೆ ಅಪ್‌ಡೇಟ್ ಮೇಲೆ ಅಪ್‌ಡೇಟ್ ಕೊಟ್ಟು ಚೆನ್ನಾಗಿ ಮಾಡಿದರು, ಅದು ನಿಜ. ಆದರೆ ಆ ಚೆನ್ನಾದ ಗೇಮ್ ಕಮ್ಮಿ ದುಡ್ಡಿಗೆ ಸಿಕ್ಕಿದ್ದು ಕಾದವರಿಗೆ. ಬುಕ್ ಮಾಡಲೇಬೇಕು ಅಂದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಂಥ ಕಡೆ ಮಾಡಿ. ಅಲ್ಲಿ ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ಕ್ಯಾನ್ಸಲ್ ಮಾಡಬಹುದು, ಬಿಡುಗಡೆಯಾದ ಮೇಲೂ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಬರುತ್ತದೆ.

ಫೋನು

ಫೋನಿನ ಲೆಕ್ಕ ಸುಲಭ. ಫೋನಿನ ದರ ಬಿಡುಗಡೆಯ ದಿನವೇ ಅತಿ ಜಾಸ್ತಿ ಇರುತ್ತದೆ, ಅಲ್ಲಿಂದ ಸಾಮಾನ್ಯವಾಗಿ ಇಳಿಯುತ್ತಲೇ ಹೋಗುತ್ತದೆ. ಐಫೋನ್ 15 ಬಂದಾಗ, 2023ರ ಸೆಪ್ಟೆಂಬರ್‌ನಲ್ಲಿ, 79,900 ರೂಪಾಯಿ. ಮರುವರ್ಷ 16 ಬಂದ ಕೂಡಲೇ ಕಂಪನಿಯೇ ಅದನ್ನು 69,900ಕ್ಕೆ ಇಳಿಸಿತು. 16ಕ್ಕೂ ಹಾಗೇ ಆಯಿತು. ಹಬ್ಬದ ಸೇಲಿನಲ್ಲಿ ಇನ್ನೂ ಕಮ್ಮಿಗೆ ಸಿಗುತ್ತವೆ. ಐಫೋನ್ ಬರುವುದು ಸೆಪ್ಟೆಂಬರ್‌ನಲ್ಲಿ, ಫ್ಲಿಪ್‌ಕಾರ್ಟ್, ಅಮೆಜಾನ್ ಹಬ್ಬದ ಸೇಲ್ ನಡೆಯುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ, ದಸರಾ ದೀಪಾವಳಿ ಆಸುಪಾಸು. ಆ ಸೇಲಿನಲ್ಲಿ ಭಾರಿ ಕಡಿತ ಸಿಗುವುದು ಹೊಸ ಮಾದರಿಗಲ್ಲ, ಹೋದ ವರ್ಷದ್ದಕ್ಕೆ. ಬಹಳ ಜನರಿಗೆ ಹೋದ ವರ್ಷದ್ದೇ ಸಾಕು.

ಆದರೂ ಫೋನ್ ಪ್ರೀ-ಬುಕಿಂಗ್ ಲಾಭವಾಗುವ ಒಂದು ಸಂದರ್ಭ ಇದೆ. ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ ಸಾಲಿನ ಫೋನುಗಳಿಗೆ ಬುಕಿಂಗ್ ಸಮಯದಲ್ಲಿ 256 ಜಿಬಿ ದರಕ್ಕೆ 512 ಜಿಬಿ ಕೊಟ್ಟದ್ದು ಇದೆ. ನಿಮಗೆ ಅದೇ ಫೋನ್ ಬೇಕು ಅಂತ ಮೊದಲೇ ಗಟ್ಟಿಯಾಗಿದ್ದರೆ, ಜಾಸ್ತಿ ಸ್ಟೋರೇಜ್ ನಿಮಗೆ ನಿಜವಾಗಿಯೂ ಕೆಲಸಕ್ಕೆ ಬರುವುದಿದ್ದರೆ, ಜೊತೆಗೆ ಹಳೆಯ ಫೋನಿನ ಎಕ್ಸ್‌ಚೇಂಜ್ ಬೋನಸ್ಸೂ ಸೇರಿದರೆ, ಆಗ ಬುಕ್ ಮಾಡಿದವರೇ ಜಾಣರು. ‘20,000 ರೂಪಾಯಿ ಮೌಲ್ಯದ ಉಡುಗೊರೆ’ ಅನ್ನುವ ದೊಡ್ಡ ಅಕ್ಷರಕ್ಕೆ ಮಾತ್ರ ಮರುಳಾಗಬೇಡಿ. ಒಂದೊಂದನ್ನೂ ಬಿಡಿಸಿ ನೋಡಿ. ಇಯರ್‌ಬಡ್ಸ್ ನಿಮ್ಮ ಹತ್ತಿರ ಇದ್ದರೆ ಅದರ ಬೆಲೆ ನಿಮ್ಮ ಲೆಕ್ಕದಲ್ಲಿ ಸೊನ್ನೆ. ಬ್ಯಾಂಕ್ ಕ್ಯಾಶ್‌ಬ್ಯಾಕ್ ಆ ಬ್ಯಾಂಕಿನ ಕಾರ್ಡ್ ಇರುವವರಿಗೆ ಮಾತ್ರ. ಮೂರು ತಿಂಗಳ ಯಾವುದೋ ಆ್ಯಪ್ ಚಂದಾ ಕೊಟ್ಟಿದ್ದರೆ ಅದು ನಾಲ್ಕನೇ ತಿಂಗಳಿಂದ ನಿಮ್ಮ ಖಾತೆಯಿಂದಲೇ ಕಡಿತ ಆಗಬಹುದು. ಇದನ್ನೆಲ್ಲ ಕಳೆದ ಮೇಲೆ ಏನು ಉಳಿಯುತ್ತದೋ ಅದು ನಿಜವಾದ ಲಾಭ.

ಬಿಡುಗಡೆಯ ದಿನದ ವಿಡಿಯೋ ನೋಡಿ ತೀರ್ಮಾನ ಮಾಡುವುದೂ ಬೇಡ. ಅದರಲ್ಲಿ ಬಹಳಷ್ಟು ಕಾರ್ಯಕ್ರಮದ ಜಾಗದಲ್ಲೇ ಅರ್ಧ ಗಂಟೆ ಫೋನ್ ಹಿಡಿದು ಮಾಡಿದ್ದು. ಬಿಸಿ ಎಷ್ಟಾಗುತ್ತದೆ, ಬ್ಯಾಟರಿ ಸಂಜೆವರೆಗೆ ಬರುತ್ತದಾ, ನಮ್ಮ ಊರಲ್ಲಿ ಸಿಗ್ನಲ್ ಹೇಗೆ ಹಿಡಿಯುತ್ತದೆ ಅನ್ನುವುದು ಅಷ್ಟರಲ್ಲಿ ಗೊತ್ತಾಗುವುದಿಲ್ಲ. 2016ರ ಗ್ಯಾಲಕ್ಸಿ ನೋಟ್ 7 ನೆನಪಿದೆಯಾ? ಮೊದಲ ವಿಮರ್ಶೆಗಳಲ್ಲಿ ಎಲ್ಲರೂ ಹೊಗಳಿದ್ದರು. ಭಾರತದಲ್ಲಿ 59,900 ರೂಪಾಯಿಗೆ ಬುಕಿಂಗ್ ನಡೆದಿತ್ತು, ಸೆಪ್ಟೆಂಬರ್ 2ಕ್ಕೆ ಮಾರಾಟ ಶುರುವಾಗಬೇಕಿತ್ತು. ಅದೇ ದಿನ, ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತಿದೆ ಅಂತ ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡರು. ಭಾರತದ ಅಂಗಡಿಗಳಿಗೆ ಆ ಫೋನ್ ಬರಲೇ ಇಲ್ಲ. 2019ರಲ್ಲಿ ಮೊದಲ ಗ್ಯಾಲಕ್ಸಿ ಫೋಲ್ಡ್ ವಿಮರ್ಶಕರ ಕೈಯಲ್ಲೇ ಕೆಲವೇ ದಿನಕ್ಕೆ ಪರದೆ ಕೆಟ್ಟಿತು, ಏಪ್ರಿಲ್‌ನ ಬಿಡುಗಡೆ ಸೆಪ್ಟೆಂಬರಿಗೆ ಹೋಯಿತು. ಇವು ಅಪರೂಪದ ಘಟನೆಗಳೇ, ಒಪ್ಪುತ್ತೇನೆ. ಆದರೆ ಎರಡರಿಂದಲೂ ಒಂದು ಗೊತ್ತಾಗುತ್ತದೆ: ಪೂರ್ತಿ ಹೊಸ ತಂತ್ರಜ್ಞಾನ ಇರುವ ಮೊದಲ ತಲೆಮಾರಿನ ವಸ್ತುವನ್ನು ಕಣ್ಣು ಮುಚ್ಚಿ ಬುಕ್ ಮಾಡಬಾರದು. ಹಳೆಯ ಸಾಲಿನ ಹೊಸ ಮಾದರಿಯಾದರೆ ಅಪಾಯ ಕಮ್ಮಿ. ಮೂರು ನಾಲ್ಕು ವಾರ ಕಾಯಿರಿ, ದುಡ್ಡು ಕೊಟ್ಟು ತಗೊಂಡವರು ಬರೆದದ್ದನ್ನು ಓದಿ. ಅದರಲ್ಲೂ ಎರಡು, ಮೂರು ಸ್ಟಾರ್ ಕೊಟ್ಟವರ ಮಾತು ಓದಿ, ವಿವರ ಸಿಗುವುದು ಅಲ್ಲೇ.

ಗಾಡಿ ಬುಕ್ ಮಾಡುವಾಗ ಜಾಸ್ತಿ ಹುಷಾರು

ಫೋನಿನಲ್ಲಿ ತಪ್ಪಿದರೆ ಹತ್ತಿಪ್ಪತ್ತು ಸಾವಿರದ ಮಾತು. ಗಾಡಿಯಲ್ಲಿ ಹಾಗಲ್ಲ, ಸಾಲ, ವಿಮೆ, ತೆರಿಗೆ ಎಲ್ಲ ಜೊತೆಗೆ ಬರುತ್ತವೆ. ಆದರೆ ಗಾಡಿಯಲ್ಲೇ ಬುಕಿಂಗಿನಿಂದ ನಿಜವಾದ ಲಾಭವೂ ಇರುವುದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಹೀಂದ್ರಾ 2021ರಲ್ಲಿ ಎಕ್ಸ್‌ಯುವಿ700 ಕಾರು ತಂದಾಗ ಮೊದಲ 25,000 ಬುಕಿಂಗಿಗೆ ಮಾತ್ರ ಆರಂಭಿಕ ದರ ಅಂದಿತು. ಅಕ್ಟೋಬರ್ 7ರಂದು ಬುಕಿಂಗ್ ತೆರೆದು 57 ನಿಮಿಷದಲ್ಲಿ ಅಷ್ಟೂ ಮುಗಿದು ದರ ಏರಿತು. ಮರುವರ್ಷ ಜುಲೈ 30ರಂದು ಸ್ಕಾರ್ಪಿಯೋ-ಎನ್‌ಗೆ ಅರ್ಧ ಗಂಟೆಯಲ್ಲಿ 1 ಲಕ್ಷ ಬುಕಿಂಗ್ ಬಂತು. ಅಲ್ಲೂ ಆರಂಭಿಕ ದರ ಇದ್ದದ್ದು ಮೊದಲ 25,000 ಜನರಿಗೆ, ಉಳಿದವರಿಗೆ ಡೆಲಿವರಿ ದಿನ ಏನು ದರ ಇರುತ್ತದೋ ಅದು. ಟೋಕನ್ 21,000 ರೂಪಾಯಿ, ಅದೂ ರಿಫಂಡ್ ಸಿಗುವಂಥದ್ದು. ಮೊದಲ 25,000ದೊಳಗೆ ಇದ್ದವರಿಗೆ ಇದು ಒಳ್ಳೆಯ ವ್ಯವಹಾರ. 25,001ನೆಯವರಿಗೆ ಸಿಕ್ಕಿದ್ದು ಸರದಿಯಲ್ಲಿ ಒಂದು ಜಾಗ ಮಾತ್ರ, ದರದ ಭರವಸೆ ಇಲ್ಲ. ಇಬ್ಬರೂ ಒತ್ತಿದ್ದು ಒಂದೇ ಬಟನ್! ಬುಕಿಂಗ್ ಆದ ಮೇಲೆ ನಿಮಗೆ ಬರುವ ಮೇಲ್‌ನಲ್ಲಿ ‘ದರ ಖಾತ್ರಿ’ ಅನ್ನುವ ಮಾತು ಇದೆಯಾ ಇಲ್ಲವಾ ಅಂತ ಹುಡುಕಿ ನೋಡಿ.

ಕಾದರೆ ದರ ಇಳಿಯುವುದೂ ಉಂಟು. ಅದೇ ಎಕ್ಸ್‌ಯುವಿ700ರ ಎಎಕ್ಸ್7 ಮಾದರಿಗಳ ದರವನ್ನು 2024ರ ಜುಲೈನಲ್ಲಿ ಸುಮಾರು 2 ಲಕ್ಷ ರೂಪಾಯಿವರೆಗೆ ಇಳಿಸಿದರು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ಸಣ್ಣ ಕಾರುಗಳ ಮೇಲಿನ ತೆರಿಗೆ 28ರಿಂದ 18 ಪರ್ಸೆಂಟಿಗೆ ಬಂತು. ಆ ದಿನಾಂಕದ ಮೊದಲೇ ಬಿಲ್ ಮಾಡಿಸಿಕೊಂಡವರು ಹಳೆಯ ತೆರಿಗೆ ಕಟ್ಟಿದರು, ಬರೀ ಬುಕ್ ಮಾಡಿ ಬಿಲ್ ಆಗದೇ ಇದ್ದವರಿಗೆ ಹೊಸ ದರ ಸಿಕ್ಕಿತು. ಉಲ್ಟಾ ಆದದ್ದೂ ಇದೆ. 2023ರ ಜೂನ್ 1ರಂದು ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳ ಸಬ್ಸಿಡಿಯನ್ನು ಬ್ಯಾಟರಿ ಸಾಮರ್ಥ್ಯದ ಒಂದು ಕಿಲೋವ್ಯಾಟ್-ಅವರ್‌ಗೆ 15,000ದಿಂದ 10,000 ರೂಪಾಯಿಗೆ ಇಳಿಸಿದಾಗ ಸ್ಕೂಟರುಗಳ ದರ ಏರಿಬಿಟ್ಟಿತು. ಒಟ್ಟಿನಲ್ಲಿ ಗಾಡಿಯಲ್ಲಿ ಲೆಕ್ಕಕ್ಕೆ ಬರುವುದು ಬಿಲ್ ಆದ ದಿನ, ಬುಕ್ ಮಾಡಿದ ದಿನ ಅಲ್ಲ. ಡೆಲಿವರಿ ಆರು ತಿಂಗಳು ಆಚೆ ಇದ್ದರೆ ಈಗ ಹೇಳಿದ ಆನ್-ರೋಡ್ ದರವನ್ನೇ ನಂಬಿ ಸಾಲ ಮಾಡಬೇಡಿ.

ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ ಓಲಾ ಎಸ್1ರ ಬುಕಿಂಗನ್ನು ಎಲ್ಲರೂ ಒಮ್ಮೆ ತಿರುಗಿ ನೋಡಬೇಕು. 2021ರ ಜುಲೈ 15ರಂದು 499 ರೂಪಾಯಿಗೆ ಬುಕಿಂಗ್ ತೆರೆದರು, ಒಂದೇ ದಿನದಲ್ಲಿ 1 ಲಕ್ಷ ಬುಕಿಂಗ್ ಆಯಿತು ಅಂತ ಕಂಪನಿ ಹೇಳಿತು. ಆಗ ದರವೂ ಗೊತ್ತಿರಲಿಲ್ಲ, ದರ ಹೇಳಿದ್ದು ಆಗಸ್ಟ್ 15ಕ್ಕೆ. ಸೆಪ್ಟೆಂಬರ್‌ನಲ್ಲಿ ಖರೀದಿ ಶುರುವಾಯಿತು, ಟೆಸ್ಟ್ ರೈಡ್ ಶುರುವಾದದ್ದು ನವೆಂಬರ್‌ನಲ್ಲಿ. ಅಕ್ಟೋಬರ್ ಅಂದಿದ್ದ ಡೆಲಿವರಿ ಡಿಸೆಂಬರ್ 15ಕ್ಕೆ ಬೆಂಗಳೂರು, ಚೆನ್ನೈನಲ್ಲಿ ಶುರುವಾಯಿತು. ಕ್ರೂಸ್ ಕಂಟ್ರೋಲ್, ನ್ಯಾವಿಗೇಷನ್ ಥರದ ಸೌಲಭ್ಯಗಳು ಗಾಡಿ ಬಂದಾಗ ಇರಲಿಲ್ಲ, 2022ರಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ಬಂದವು. 499 ರೂಪಾಯಿ ವಾಪಸ್ ಬರುವ ದುಡ್ಡು, ಅದನ್ನು ಕೊಟ್ಟದ್ದರಲ್ಲಿ ತಪ್ಪೇನಿಲ್ಲ. ಕಷ್ಟ ಶುರುವಾಗುವುದು ಎರಡನೇ ಕಂತು ಕಟ್ಟುವಾಗ. ಸಣ್ಣ ಟೋಕನ್ ಕೊಟ್ಟು ಕಾಯುತ್ತಾ ಕಾಯುತ್ತಾ ಮನಸ್ಸು ‘ಇದು ನನ್ನ ಗಾಡಿ’ ಅಂದುಕೊಂಡುಬಿಡುತ್ತದೆ, ಆಮೇಲೆ ಓಡಿಸಿ ನೋಡದೇ ಹತ್ತಿಪ್ಪತ್ತು ಸಾವಿರ ಕಟ್ಟಲು ಕೈ ಹಿಂಜರಿಯುವುದಿಲ್ಲ. ಆದ್ದರಿಂದ ಈ ಒಂದು ನಿಯಮ ಮಾತ್ರ ಬಿಡಬೇಡಿ: ಓಡಿಸಿ ನೋಡದೇ ಟೋಕನ್‌ಗಿಂತ ಒಂದು ರೂಪಾಯಿ ಜಾಸ್ತಿ ಕೊಡಬಾರದು.

ಜೊತೆಗೆ ನಿಮ್ಮ ಊರಲ್ಲಿ ಸರ್ವೀಸ್ ಎಲ್ಲಿ ಅಂತ ಕೇಳಿ. ಬೆಂಗಳೂರಲ್ಲಿ ಇರುವುದು ಬೇರೆ, ಸಿರಸಿಯಲ್ಲೋ ಸಿಂಧನೂರಲ್ಲೋ ಇರುವುದು ಬೇರೆ. 2024ರ ಅಕ್ಟೋಬರ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಓಲಾ ಎಲೆಕ್ಟ್ರಿಕ್‌ಗೆ ನೋಟಿಸ್ ಕೊಟ್ಟಿತು. ಅದರ ಹಿಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ ಬಂದ 10,644 ದೂರು ಇದ್ದವು, ಸರ್ವೀಸ್ ತಡ, ಡೆಲಿವರಿ ತಡ ಎರಡೂ ಸೇರಿ. ಗಾಡಿ ಎಷ್ಟೇ ಚೆನ್ನಾಗಿರಲಿ, ರಿಪೇರಿಗೆ ನೂರು ಕಿಲೋಮೀಟರ್ ಹೋಗಬೇಕು ಅಂದರೆ ಮೊದಲಿಗರಾಗಿ ತಗೊಳ್ಳುವ ಹುಮ್ಮಸ್ಸು ಬೇಗ ಇಳಿಯುತ್ತದೆ.

ಹೊಸ ಕಂಪನಿ ದಿನಾಂಕ ಹೇಳಿದರೆ ಅದಕ್ಕೆ ಧಾರಾಳವಾಗಿ ತಿಂಗಳು ಸೇರಿಸಿಕೊಳ್ಳಿ. ಬೆಂಗಳೂರಿನ ಏಥರ್ ತನ್ನ ಮೊದಲ ಸ್ಕೂಟರನ್ನು 2016ರ ಫೆಬ್ರವರಿಯಲ್ಲಿ ತೋರಿಸಿತು, ಮಾರಾಟಕ್ಕೆ ಬಂದದ್ದು 2018ರಲ್ಲಿ. ಇದು ಮೋಸ ಅಲ್ಲ, ಹೊಸ ಗಾಡಿ ಕಟ್ಟುವುದು ಅಷ್ಟು ಕಷ್ಟದ ಕೆಲಸ. ಹೊರದೇಶದ ಕಂಪನಿಯಾದರೆ ಇನ್ನೂ ದೂರ: 2016ರಲ್ಲಿ ಟೆಸ್ಲಾ ಮಾಡೆಲ್ 3ಗೆ ಭಾರತದಿಂದಲೂ ಕೆಲವರು 1,000 ಡಾಲರ್ ಕೊಟ್ಟು ಬುಕ್ ಮಾಡಿದ್ದರು. ಟೆಸ್ಲಾ ಇಲ್ಲಿ ಮೊದಲ ಶೋರೂಮ್ ತೆರೆದದ್ದು 2025ರ ಜುಲೈನಲ್ಲಿ, ಮುಂಬೈಯಲ್ಲಿ. ಮಾರಾಟಕ್ಕೆ ಇಟ್ಟದ್ದು ಮಾಡೆಲ್ ವೈ.

ಶೋರೂಮಿನಲ್ಲಿ ಅಡ್ವಾನ್ಸ್ ಕೊಡುವಾಗ ದುಡ್ಡು ಸೇಲ್ಸ್‌ನವರ ಸ್ವಂತ ನಂಬರಿಗೆ ಹೋಗದ ಹಾಗೆ ನೋಡಿಕೊಳ್ಳಿ, ಡೀಲರ್‌ಶಿಪ್ ಖಾತೆಗೇ ಹೋಗಬೇಕು. ರಸೀದಿಯಲ್ಲಿ ಮಾದರಿ, ಬಣ್ಣ, ವೇರಿಯಂಟ್, ಅಂದಾಜು ಡೆಲಿವರಿ ತಿಂಗಳು, ಕ್ಯಾನ್ಸಲ್ ಮಾಡಿದರೆ ಎಷ್ಟು ಕಳೆಯುತ್ತಾರೆ ಅನ್ನುವುದು ಬರೆಸಿಕೊಳ್ಳಿ. ‘ಆಕ್ಸೆಸರೀಸ್ ತಗೊಂಡರೆ ಬೇಗ ಕೊಡಿಸುತ್ತೇವೆ’, ‘ವಿಮೆ ನಮ್ಮಲ್ಲೇ ಮಾಡಿಸಬೇಕು’ ಅಂದರೆ ಒಪ್ಪಬೇಕಾಗಿಲ್ಲ. ವಿಮೆಯನ್ನು ನಿಮಗೆ ಬೇಕಾದ ಕಡೆ ಮಾಡಿಸಬಹುದು.

ಫ್ಲ್ಯಾಟ್ ಕೊಳ್ಳಲು ‘ಪ್ರೀ-ಲಾಂಚ್’ ಆಫರ್ ಬಂದರೆ

ಬೆಂಗಳೂರಲ್ಲಿ ಇರುವವರಿಗೆ ಈ ಫೋನ್ ಕರೆ ಬಂದೇ ಬಂದಿರುತ್ತದೆ. ‘ಸರ್, ಪ್ರೀ-ಲಾಂಚ್ ದರ, ಇನ್ನೂ ರೇರಾ ಆಗಿಲ್ಲ, ಈಗ ಚೆಕ್ ಕೊಟ್ಟರೆ ಚದರಡಿಗೆ ಇಷ್ಟು ಕಮ್ಮಿ.’ ಇಲ್ಲಿ ಉತ್ತರ ಒಂದೇ, ಬೇಡ. ರೇರಾ ಅಂದರೆ ಮನೆ, ಸೈಟು ಮಾರುವ ಬಿಲ್ಡರುಗಳನ್ನು ನಿಯಂತ್ರಿಸುವ ಕಾನೂನು. 2016ರ ಆ ಕಾಯ್ದೆ ಪ್ರಕಾರ ನೋಂದಣಿ ಆಗಬೇಕಾದ ಪ್ರಾಜೆಕ್ಟನ್ನು ನೋಂದಣಿಗೆ ಮೊದಲು ಜಾಹೀರಾತು ಮಾಡುವಂತೆಯೇ ಇಲ್ಲ, ಬುಕಿಂಗ್ ತಗೊಳ್ಳುವುದಂತೂ ದೂರ. ನೋಂದಣಿ ಆದ ಮೇಲೂ ಮಾರಾಟದ ಕರಾರು ಆಗದೇ ದರದ 10 ಪರ್ಸೆಂಟಿಗಿಂತ ಜಾಸ್ತಿ ಕಟ್ಟಿಸಿಕೊಳ್ಳಬಾರದು. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿದರೆ ನೋಂದಣಿ ಇದೆಯಾ ಇಲ್ಲವಾ ಗೊತ್ತಾಗುತ್ತದೆ. ಐದು ನಿಮಿಷದ ಕೆಲಸ, ಜೀವಮಾನದ ಉಳಿತಾಯದ ಪ್ರಶ್ನೆ.

ಧೈರ್ಯವಾಗಿ ಬುಕ್ ಮಾಡಬಹುದಾದ್ದು

ಕನ್ನಡ ಪುಸ್ತಕ. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ನಮ್ಮ ಪ್ರಕಾಶಕರಲ್ಲಿ ಬಹಳ ಜನ ಸಣ್ಣವರು, ಒಂದು ಪುಸ್ತಕವನ್ನು 500, 1,000 ಪ್ರತಿ ಅಚ್ಚು ಹಾಕುವವರು. ಪ್ರಕಟಣಪೂರ್ವ ರಿಯಾಯಿತಿಗೆ ನೀವು ದುಡ್ಡು ಕಳಿಸಿದರೆ ಅದೇ ದುಡ್ಡು ಕಾಗದಕ್ಕೆ, ಮುದ್ರಣಕ್ಕೆ ಹೋಗುತ್ತದೆ. ಎಷ್ಟು ಪ್ರತಿ ಹಾಕಬೇಕು ಅಂತಲೂ ಅವರಿಗೆ ಗೊತ್ತಾಗುತ್ತದೆ. ನಿಮಗೆ ದರದಲ್ಲಿ ಕಡಿತ ಸಿಗುತ್ತದೆ, ಎಷ್ಟೋ ಸಲ ಲೇಖಕರ ಸಹಿ ಇರುವ ಪ್ರತಿ ಬರುತ್ತದೆ. ಮೊತ್ತ ಸಣ್ಣದು, ಲೇಖಕರು ಹೇಗೆ ಬರೆಯುತ್ತಾರೆ ಅಂತ ನಿಮಗೆ ಮೊದಲೇ ಗೊತ್ತು, ಮೊದಲ ಮುದ್ರಣ ಮುಗಿದರೆ ಮತ್ತೆ ಯಾವಾಗ ಅಚ್ಚಾಗುತ್ತದೋ ಹೇಳಲು ಆಗುವುದಿಲ್ಲ. ಕೊರತೆ ನಿಜ, ದರದ ಲಾಭ ನಿಜ, ಕೊಟ್ಟ ದುಡ್ಡಿನಿಂದ ಒಂದು ಒಳ್ಳೆಯ ಕೆಲಸವೂ ಆಗುತ್ತದೆ. ಸಂಪುಟಗಳು ಬರುವಾಗಲಂತೂ, ಅಂದರೆ ಒಬ್ಬರ ಸಮಗ್ರ ಸಾಹಿತ್ಯ ನಾಲ್ಕೈದು ಭಾಗದಲ್ಲಿ ಬರುವಾಗ, ಮೊದಲೇ ಬುಕ್ ಮಾಡಿದರೆ ಉಳಿಯುವ ದುಡ್ಡು ಜಾಸ್ತಿ.

ಇದೇ ಅಳತೆಗೋಲು ಬೇರೆ ವಸ್ತುಗಳಿಗೂ ಹಿಡಿಯಿರಿ. ನಿಜವಾಗಿ ಕಮ್ಮಿ ಇರುವ ವಸ್ತು, ಬುಕ್ ಮಾಡಿದವರಿಗೆ ಬರವಣಿಗೆಯಲ್ಲಿ ಕೊಟ್ಟ ದರದ ಲಾಭ, ಮಾಡುವವರು ಹಿಂದೆ ಮಾತು ಉಳಿಸಿಕೊಂಡ ದಾಖಲೆ, ಹೋದರೂ ಮನೆ ನಡೆಯುವಷ್ಟು ಸಣ್ಣ ಮೊತ್ತ. ಇವುಗಳಲ್ಲಿ ಮೂರು ಇದ್ದರೆ ನಾನು ಬುಕ್ ಮಾಡಿ ಅನ್ನುತ್ತೇನೆ.

ಮೋಸದ ಬುಕಿಂಗ್

ದರ ನಂಬಲು ಆಗದಷ್ಟು ಕಮ್ಮಿ ಇದ್ದರೆ ನಂಬಬೇಡಿ. 2016ರ ಫೆಬ್ರವರಿಯಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಅಂತ ಫ್ರೀಡಂ 251 ಬಂತು. ಬುಕಿಂಗ್ ತೆರೆದ ದಿನ ವೆಬ್‌ಸೈಟೇ ಕುಸಿಯಿತು. ಪತ್ರಕರ್ತರಿಗೆ ಕೊಟ್ಟ ಫೋನಿನ ಮೇಲೆ ಆಡ್ಕಾಮ್ ಅನ್ನುವ ಬೇರೆ ಕಂಪನಿಯ ಹೆಸರನ್ನು ಬಿಳಿ ಬಣ್ಣ ಬಳಿದು ಮುಚ್ಚಿದ್ದರು. ಗದ್ದಲವಾದ ಮೇಲೆ ದುಡ್ಡು ಕಟ್ಟಿದ್ದ 30,000 ಜನರಿಗೆ ವಾಪಸ್ ಕೊಡುವುದಾಗಿ ಹೇಳಿದರು. 251 ರೂಪಾಯಿ ಅಂತ ಯಾರೂ ಜಾಸ್ತಿ ತಲೆಕೆಡಿಸಿಕೊಳ್ಳುವುದಿಲ್ಲ, ಇಂಥವರು ನೆಚ್ಚಿಕೊಳ್ಳುವುದೂ ಅದನ್ನೇ.

ಈಗ ಹೊಸ ಥರ ಶುರುವಾಗಿದೆ. ನಿಜವಾದ ಕಂಪನಿಯ ಹೆಸರಲ್ಲೇ ಸುಳ್ಳು ಬುಕಿಂಗ್ ಪುಟ ಮಾಡಿ ವಾಟ್ಸ್ಆ್ಯಪ್‌ನಲ್ಲಿ, ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ಬಿಡುತ್ತಾರೆ. ಲಿಂಕ್ ಒತ್ತಬೇಡಿ. ಕಂಪನಿಯ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ, ಅಲ್ಲಿ ಬುಕಿಂಗ್ ಇದೆಯಾ ನೋಡಿ. ಯುಪಿಐಯಲ್ಲಿ ಕಳಿಸುವಾಗ ಪರದೆ ಮೇಲೆ ಬರುವ ಹೆಸರು ಕಂಪನಿಯದೋ ಯಾರೋ ಒಬ್ಬ ವ್ಯಕ್ತಿಯದೋ ಅಂತ ಓದಿ, ಆಮೇಲೆ ಪಿನ್ ಹಾಕಿ. ದುಡ್ಡು ಹೋಗಿಬಿಟ್ಟರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ದುಡ್ಡು ಕೊಡುವಾಗ, ವಾಪಸ್ ಕೇಳುವಾಗ

ಕ್ರೆಡಿಟ್ ಕಾರ್ಡ್ ಇದ್ದರೆ ಪ್ರೀ-ಬುಕಿಂಗಿಗೆ ಅದನ್ನೇ ಬಳಸಿ. ವಸ್ತು ಬರಲೇ ಇಲ್ಲ ಅಂದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ದುಡ್ಡನ್ನು ಬ್ಯಾಂಕ್ ಮೂಲಕವೇ ವಾಪಸ್ ಕೇಳುವ ದಾರಿ ಇರುತ್ತದೆ. ಅದಕ್ಕೆ ಗಡುವು ಇರುವುದರಿಂದ ತಿಂಗಳುಗಟ್ಟಲೆ ‘ನಾಳೆ ಬರುತ್ತದೆ’ ಅನ್ನುವ ಮಾತು ಕೇಳಿಕೊಂಡು ಕೂರಬೇಡಿ. ಬುಕ್ ಮಾಡಿದ ದಿನವೇ ಆಫರ್ ಪುಟ, ಷರತ್ತುಗಳ ಪುಟ, ಡೆಲಿವರಿ ದಿನಾಂಕ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ವೆಬ್‌ಸೈಟಿನಲ್ಲಿ ಇರುವುದು ಯಾವಾಗ ಬೇಕಾದರೂ ಬದಲಾಗುತ್ತದೆ. ಅದೇ ದಿನ ಕ್ಯಾಲೆಂಡರಿನಲ್ಲಿ ಎರಡು ದಿನ ಗುರುತು ಹಾಕಿ, ರಿಫಂಡ್ ಕೇಳಲು ಕೊನೆಯ ದಿನ ಮತ್ತು ಅವರು ಹೇಳಿದ ಡೆಲಿವರಿ ದಿನ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳು ನಿಮ್ಮ ಪರ ಇವೆ. ಕ್ಯಾನ್ಸಲ್ ಮಾಡಿದ್ದಕ್ಕೆ ನಿಮ್ಮಿಂದ ಶುಲ್ಕ ಹಿಡಿಯಬೇಕಾದರೆ, ಅವರೇ ಕ್ಯಾನ್ಸಲ್ ಮಾಡಿದಾಗ ಅವರೂ ಅಂಥದೇ ಶುಲ್ಕ ಹೊರುವ ವ್ಯವಸ್ಥೆ ಇರಬೇಕು. ದೂರು ಅಧಿಕಾರಿಯ ಹೆಸರು, ಸಂಪರ್ಕ ವೆಬ್‌ಸೈಟಿನಲ್ಲಿ ಹಾಕಿರಬೇಕು. ದೂರು ಬಂದ 48 ಗಂಟೆಯಲ್ಲಿ ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆದ್ದರಿಂದ ಕಸ್ಟಮರ್ ಕೇರ್‌ನಲ್ಲಿ ಚಾಟ್ ಮಾಡಿ ಸುಸ್ತಾಗುವ ಬದಲು ದೂರು ಅಧಿಕಾರಿಗೆ ಒಂದು ಮೇಲ್ ಕಳಿಸಿ. ಉದ್ದ ಬರೆಯಬೇಕಾಗಿಲ್ಲ. ಆರ್ಡರ್ ನಂಬರ್, ಕಟ್ಟಿದ ಮೊತ್ತ, ಹೇಳಿದ್ದ ದಿನಾಂಕ, ಇಂಥ ತಾರೀಖಿನೊಳಗೆ ದುಡ್ಡು ವಾಪಸ್ ಬೇಕು ಅನ್ನುವ ಒಂದು ವಾಕ್ಯ. ಸಿಟ್ಟಿನ ಮಾತು ಬೇಡ, ಆ ಮೇಲ್ ಮುಂದೆ ನಿಮ್ಮ ಸಾಕ್ಷಿ ಆಗುತ್ತದೆ.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ, ಸಣ್ಣ ಮೊತ್ತದ ಎಷ್ಟೋ ರಿಫಂಡ್ ಈ ಹಂತದಲ್ಲೇ ಬಂದುಬಿಡುತ್ತದೆ. ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ, ಆನ್‌ಲೈನ್‌ನಲ್ಲೂ ಹಾಕಬಹುದು. ತಕರಾರು ಶುರುವಾಗಿ ಎರಡು ವರ್ಷದೊಳಗೆ ಹಾಕಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ಶಿವಮೊಗ್ಗದವರು ಶಿವಮೊಗ್ಗದ ಆಯೋಗಕ್ಕೇ ಹೋದರೆ ಸಾಕು, ಉತ್ತರ ಕೊಡಲು ಅವರೇ ಅಲ್ಲಿಗೆ ಬರಬೇಕು.